ಮದೀನಾ ಒಡಂಬಡಿಕೆಯನ್ನು ಓದುವ ಬಗೆ

ಇಸ್ಲಾಮಿನ ಮೊದಲ ದಿನಗಳಲ್ಲಿ ಮುಸ್ಲಿಮರು ಯಹೂದಿಗಳ ಜೊತೆ ಮಾಡಿಕೊಂಡ ಕರಾರು ಎಂದರೆ ಮೊದಲು ನೆನಪಾಗುವುದು ಮದೀನಾದ ಸಹೀಫಾ, ಅಂದರೆ ಮದೀನಾ ಒಡಂಬಡಿಕೆಯ ಪತ್ರ. ಪ್ರವಾದಿ ಮುಹಮ್ಮದರು 622ರಲ್ಲಿ ಯಸ್ರಿಬ್‌ಗೆ (ಮದೀನಾದ ಹಳೆಯ ಹೆಸರು) ಬಂದ ಮೇಲಿನದು ಇದು. ಮೂಲ ಪ್ರತಿ ಉಳಿದಿಲ್ಲ. ಇಬ್ನ್ ಇಸ್‌ಹಾಕ್ ಬರೆದು ಇಬ್ನ್ ಹಿಶಾಮ್ ತಿದ್ದಿದ ಪ್ರವಾದಿ ಚರಿತ್ರೆಯಲ್ಲಿ ಒಂದು ಪಾಠ, ಅಬೂ ಉಬೈದ್ ಅವರ ‘ಕಿತಾಬುಲ್ ಅಮ್ವಾಲ್’ನಲ್ಲಿ ಇನ್ನೊಂದು ಪಾಠ ಸಿಗುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡೇ ಓದಬೇಕು.

ಕಲಂ ಸಂಖ್ಯೆಗಳನ್ನು ನಂಬಿ ಮೋಸಹೋಗಬೇಡಿ. ಅವು ಈಚಿನ ವಿದ್ವಾಂಸರು ಹಾಕಿದವು: ವೆಲ್‌ಹೌಸನ್ ಲೆಕ್ಕದಲ್ಲಿ 47, ಮೈಕಲ್ ಲೆಕರ್ ಲೆಕ್ಕದಲ್ಲಿ 64. ಉಲ್ಲೇಖಿಸುವಾಗ ಯಾರ ಎಣಿಕೆ ಎಂದು ಹೇಳದಿದ್ದರೆ ಓದುಗರಿಗೆ ಆ ಸಾಲು ಸಿಗುವುದೇ ಇಲ್ಲ. ಇಲ್ಲಿ ವೆಲ್‌ಹೌಸನ್ ಎಣಿಕೆಯನ್ನೇ ಹಿಡಿದಿದ್ದೇವೆ.

ಮೊದಲರ್ಧ ಬಹುತೇಕ ಮುಸ್ಲಿಂ ಕುಲಗಳ ರಕ್ತಪರಿಹಾರ (ಕೊಲೆಗೆ ಕೊಡುವ ಪರಿಹಾರ ಹಣ) ಮತ್ತು ಸೆರೆಯಾಳುಗಳ ಬಿಡುಗಡೆ ಹಣದ ಮಾತು. ಯಹೂದಿಗಳ ಭಾಗ 24ರಿಂದ ಶುರು. ಅಲ್ಲಿ ಪೆನ್ಸಿಲ್ ಹಿಡಿದು ಮೂರು ವಿಷಯ ಗುರುತು ಮಾಡಿ: ಧರ್ಮ (25: ಅವರ ಧರ್ಮ ಅವರಿಗೆ, ಮುಸ್ಲಿಮರದು ಮುಸ್ಲಿಮರಿಗೆ), ಖರ್ಚು (37: ಅವರವರ ಖರ್ಚು ಅವರವರದು, ದಾಳಿಯಾದರೆ ಪರಸ್ಪರ ನೆರವು), ವೈರಿ (43: ಮುಹಮ್ಮದರ ಎದುರಾಳಿಗಳಾದ ಮೆಕ್ಕಾದ ಕುರೈಷರಿಗೆ ಆಶ್ರಯ ಕೊಡುವಂತಿಲ್ಲ). ವ್ಯಾಜ್ಯ ಬಂದರೆ ಎಲ್ಲಿಗೆ ಒಯ್ಯಬೇಕೆಂಬುದು 42ರಲ್ಲಿದೆ.

ಹೆಚ್ಚಿನವರು ಎಡವುವುದು ಪಕ್ಷಗಳ ಪಟ್ಟಿಯಲ್ಲಿ. ‘ಬನೂ ಔಫ್‌ನ ಯಹೂದಿಗಳು’, ‘ಬನೂ ನಜ್ಜಾರ್‌ನ ಯಹೂದಿಗಳು’ ಎಂದು ಅರಬ್ ಕುಲಗಳ ಹೆಸರಿನ ಮೂಲಕವೇ ಪಟ್ಟಿ ಸಾಗುತ್ತದೆ. ಕೈನುಕಾ, ನದೀರ್, ಕುರೈಝಾ ಎಂಬ ಮೂರು ದೊಡ್ಡ ಯಹೂದಿ ಬುಡಕಟ್ಟುಗಳ ಹೆಸರೇ ಇಲ್ಲ. ಅವು ಮಿತ್ರಕುಲಗಳ ಹೆಸರಿನಡಿ ಸೇರಿದ್ದವೋ, ಅವಕ್ಕೆ ಬೇರೆ ಕರಾರು ಇತ್ತೋ ಎಂಬ ವಾದ ಇನ್ನೂ ಮುಗಿದಿಲ್ಲ. ಇಡೀ ಪತ್ರ ಒಂದೇ ಸಲ ಬರೆದದ್ದಲ್ಲ, ಎಂಟು ದಾಖಲೆಗಳ ಜೋಡಣೆ ಎಂಬುದು ವಿದ್ವಾಂಸ ಸರ್ಜೆಂಟ್ ಅವರ ವಾದ. ಹಾಗಾಗಿ 25ನ್ನು ಮಾತ್ರ ಕಿತ್ತು ತಂದು ‘ಸಮಸ್ತ ಯಹೂದಿಗಳ ಜೊತೆಗಿನ ಸಂವಿಧಾನ’ ಎನ್ನುವುದು ಅವಸರದ ಮಾತು.

ಮದೀನಾದ ಉತ್ತರಕ್ಕಿದ್ದ ಯಹೂದಿಗಳ ಊರು ಖೈಬರಿನ ಕರಾರು ಬೇರೆಯೇ ಜಾತಿಯದು. 628ರಲ್ಲಿ ಮುಸ್ಲಿಮರಿಗೆ ಸೋತ ಮೇಲೆ ಅಲ್ಲಿನ ಯಹೂದಿಗಳು ತೋಟಗಳನ್ನು ತಾವೇ ಸಾಗುವಳಿ ಮಾಡಿ ಫಸಲಿನ ಅರ್ಧ ಪಾಲು ಕೊಡಬೇಕೆಂಬ ಷರತ್ತು ಅದು. ಸಮಬಲರ ಮೈತ್ರಿ ಎಂದು ಇದನ್ನು ಮದೀನಾದ ಪಕ್ಕ ಕೂರಿಸಬೇಡಿ.

ಇಂಥ ಪತ್ರ ಖೋಟಾ ಇರಬಹುದೆನಿಸಿದರೆ ಒಕ್ಕಣೆಗಿಂತ ಮೊದಲು ಸಾಕ್ಷಿಗಳ ಹೆಸರು ನೋಡಿ. ಖೈಬರಿನವರಿಗೆ ಜಿಝಿಯಾ (ಮುಸ್ಲಿಮೇತರರ ಮೇಲಿನ ತಲೆತೆರಿಗೆ) ಮಾಫಿ ಎಂದು ಪ್ರವಾದಿಯವರ ಹೆಸರಿನ ಪತ್ರವೊಂದು 11ನೇ ಶತಮಾನದ ಬಾಗ್ದಾದಿನಲ್ಲಿ ಹಾಜರಾದಾಗ ಇತಿಹಾಸಕಾರ ಅಲ್-ಖತೀಬ್ ಅಲ್-ಬಾಗ್ದಾದಿ ಅದರ ಸುಳ್ಳು ಹಿಡಿದದ್ದು ಹೀಗೆಯೇ. ಸಾಕ್ಷಿ ಮುಆವಿಯಾ ಮುಸ್ಲಿಮನಾದದ್ದು ಖೈಬರ್ ಆದ ಮೇಲೆ, 630ರಲ್ಲಿ, ಮೆಕ್ಕಾ ವಿಜಯದ ಹೊತ್ತಿಗೆ. ಇನ್ನೊಬ್ಬ ಸಾಕ್ಷಿ ಸಅದ್ ಬಿನ್ ಮುಆದ್ ಖೈಬರಿಗೆ ಮುಂಚೆಯೇ, 627ರಲ್ಲಿ ತೀರಿಕೊಂಡಿದ್ದ. ಸಾಕ್ಷಿಗಳಲ್ಲಿ ತಪ್ಪು ಸಿಗದಿದ್ದರೆ ತೆರಿಗೆಯ ಹೆಸರು ನೋಡಿ: ಜಿಝಿಯಾದ ಕುರಾನ್ ವಚನ (9:29) ಹಿಜರಿ 9ರ ಸುಮಾರಿನದೆಂಬುದು ಸಾಮಾನ್ಯ ಅಭಿಪ್ರಾಯ, ಖೈಬರ್ ಯುದ್ಧ ನಡೆದದ್ದು ಹಿಜರಿ 7ರಲ್ಲಿ (628).