ಪ್ರಾಸ್ಟೇಟ್ ಕ್ಯಾನ್ಸರ್ ಎಲುಬಿಗೇ ಯಾಕೆ ಹೋಗುತ್ತೆ? ಬೆಳಗಾವಿಯ ಲ್ಯಾಬ್‌ನಲ್ಲಿ ನಾನು ಅಳೆದು ನೋಡಿದ್ದು

ಪ್ರಾಸ್ಟೇಟ್ ಅನ್ನೋದು ಗಂಡಸರ ಮೂತ್ರಕೋಶದ ಕೆಳಗಿನ ಗ್ರಂಥಿ. ಅದರ ಕ್ಯಾನ್ಸರ್ ಗ್ರಂಥಿಯೊಳಗೇ ಇದ್ದರೆ ಎಷ್ಟೋ ಜನ ಅದರ ಜೊತೆ ವರ್ಷಗಟ್ಟಲೆ ಬದುಕುತ್ತಾರೆ. ಜೀವಕ್ಕೆ ಕುತ್ತು ಬರೋದು ಅದು ಅಲ್ಲಿಂದ ಹೊರಟಾಗ. ದೂರ ಹೊರಟರೆ ಹೆಚ್ಚಾಗಿ ಸೇರೋದು ಎಲುಬನ್ನು. ಬೆನ್ನುಹುರಿ ಸುತ್ತಲಿನ ಮಣಿಗಳು, ಸೊಂಟ, ಪಕ್ಕೆಲುಬು. ಬೈಲಹೊಂಗಲ, ಗೋಕಾಕ ಕಡೆಯಿಂದ ಬೆಳಗಾವಿಯ ಆಸ್ಪತ್ರೆಗಳಿಗೆ ಬರುವ ಕೆಲವು ಹಿರಿಯರು ಮೊದಲು ಹೇಳೋದೇ ನಡ ನೋವು ಅಂತ. ಹೊಲದಲ್ಲಿ ದುಡಿದ ಮೈ, ನೋವು ಇರೋದೇ ಅಂತ ಎಣ್ಣೆ ತಿಕ್ಕಿಸಿಕೊಂಡು ದಿನ ತಳ್ಳಿರುತ್ತಾರೆ.

ನಾನು ಡಾಕ್ಟರ್ ಅಲ್ಲ. ಜೀವಕೋಶ ಬೆಳೆಸಿ ಪ್ರಯೋಗ ಮಾಡುವವಳು. ನಾನು ಹಿಡಿದುಕೊಂಡ ಪ್ರಶ್ನೆ ಚಿಕ್ಕದು: ಎಲುಬು ಈ ಕೋಶಗಳನ್ನು ನಿಜವಾಗಿ ಕರೆಯುತ್ತಾ, ಇಲ್ಲಾ ಅವು ಸುಮ್ನೆ ಅಲೆಯುತ್ತಾ ಹೋಗಿ ಅಲ್ಲಿ ಬೀಳುತ್ತವಾ?

ಜಗಳ ಹಳೇದು. 1889ರಲ್ಲಿ ಲಂಡನ್ನಿನ ಸರ್ಜನ್ ಸ್ಟೀಫನ್ ಪ್ಯಾಜೆಟ್, ಸ್ತನ ಕ್ಯಾನ್ಸರ್‌ನಿಂದ ತೀರಿಹೋದ ಹೆಂಗಸರ ದಾಖಲೆ ನೋಡಿ, ಕ್ಯಾನ್ಸರ್ ಬೀಜವಿದ್ದ ಹಾಗೆ, ಹೊಂದುವ ಮಣ್ಣಿನಲ್ಲೇ ಮೊಳೆಯುತ್ತೆ ಅಂದ. ಖಾನಾಪುರದ ಭತ್ತವನ್ನು ತಂದು ಸವದತ್ತಿಯ ಎರೆ ಹೊಲದಲ್ಲಿ ಚೆಲ್ಲಿದರೆ ಏನಾಗುತ್ತೆ ಅಂತ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಆದರೆ 1940ರಲ್ಲಿ ಬ್ಯಾಟ್ಸನ್ ಅನ್ನುವ ಅಂಗರಚನಾ ತಜ್ಞ ಬೇರೆ ಲೆಕ್ಕ ಇಟ್ಟ. ಕಿಬ್ಬೊಟ್ಟೆಯ ರಕ್ತನಾಳಗಳು ಬೆನ್ನಿನ ರಕ್ತನಾಳಗಳ ಜೊತೆ ಕೂಡಿಕೊಂಡಿವೆ, ಅವಕ್ಕೆ ಕವಾಟಗಳಿಲ್ಲ. ಕೆಮ್ಮಿದಾಗ, ಮುಕ್ಕಿದಾಗ ರಕ್ತ ಹಿಂದಕ್ಕೆ ಹರಿಯುತ್ತೆ, ಕೋಶಗಳೂ ಜೊತೆಗೆ ಹೋಗುತ್ತವೆ. ಅಂದ್ರೆ ಮಣ್ಣಿನ ಮಾತೇ ಬೇಡ, ದಾರಿ ಸಾಕು. ನನ್ನ ಪ್ರಕಾರ ಇಬ್ಬರದ್ದೂ ಅರ್ಧರ್ಧ ಸರಿ. ದಾರಿ ಇದ್ದರೆ ಎಲುಬಿನ ತನಕ ಹೋಗಬಹುದು. ಹೋದದ್ದೆಲ್ಲ ಅಲ್ಲೇ ನೆಲೆ ನಿಲ್ಲೋದು ಯಾಕೆ ಅನ್ನೋದಕ್ಕೆ ದಾರಿ ಉತ್ತರ ಕೊಡಲ್ಲ.

ಪುಣೆಯ ರಾಷ್ಟ್ರೀಯ ಜೀವಕೋಶ ವಿಜ್ಞಾನ ಕೇಂದ್ರ, ಅಂದ್ರೆ ಎನ್‌ಸಿಸಿಎಸ್‌ನಲ್ಲಿ ದೇಶದ ಜೀವಕೋಶ ಭಂಡಾರ ಇದೆ. ಅಲ್ಲಿಂದ ಕೋಶ ತರಿಸಬಹುದು, ಹೋಗಿ ತಂದರೆ ಇನ್ನೂ ವಾಸಿ. ಬೆಳೆಯುತ್ತಿರುವ ಕೋಶಗಳ ಫ್ಲಾಸ್ಕಿಗೆ ಕತ್ತಿನ ತನಕ ಮೀಡಿಯಂ (ಕೋಶ ಬೆಳೆಸುವ ದ್ರವ) ತುಂಬಿ, ಮುಚ್ಚಳಕ್ಕೆ ಪ್ಯಾರಾಫಿಲ್ಮ್ ಸುತ್ತಿ, ಥರ್ಮೋಕೋಲ್ ಡಬ್ಬಿಯಲ್ಲಿಟ್ಟು ತರಬೇಕು. ಐಸ್ ಹಾಕಬಾರದು. ಕತ್ತಿನ ತನಕ ತುಂಬದಿದ್ದರೆ ದಾರಿಯಲ್ಲಿ ನೀರು ಕುಲುಕಿ ಕೋಶಗಳು ಕಿತ್ತು ಬರುತ್ತವೆ. ಸಾತಾರಾ, ಕೊಲ್ಲಾಪುರ, ನಿಪ್ಪಾಣಿ ದಾಟಿ ಬರುವಷ್ಟೂ ಹೊತ್ತು ಡಬ್ಬಿ ನನ್ನ ತೊಡೆ ಮೇಲೇ ಇತ್ತು. ಪಕ್ಕದ ಸೀಟಿನವರು ಗೋವಾ ಮೀನೇನ್ರೀ ಅಂತ ಕೇಳಿದರು. ಹೌದು ಅಂದುಬಿಟ್ಟೆ, ಬಿಡಿಸಿ ಹೇಳುವ ತ್ರಾಣ ಇರಲಿಲ್ಲ.

ಈ ಕ್ಷೇತ್ರದಲ್ಲಿ ಎಲ್ಲರೂ ಬಳಸುವ ಮೂರು ಕೋಶ ತಳಿಗಳು ಪಿಸಿ-3, ಡಿಯು-145, ಎಲ್‌ಎನ್‌ಕ್ಯಾಪ್. ಮೊದಲನೆಯದು ಎಲುಬಿಗೆ ಹರಡಿದ ಗಂಟಿನಿಂದ ತೆಗೆದದ್ದು, ಎರಡನೆಯದು ಮಿದುಳಿನಿಂದ, ಮೂರನೆಯದು ದುಗ್ಧರಸ ಗ್ರಂಥಿಯಿಂದ (ಲಿಂಫ್ ನೋಡ್). ಮೂರೂ 1970ರ ದಶಕದ ರೋಗಿಗಳವು. ಅಂದ್ರೆ ನಾವು ಹರಡುವಿಕೆ ಓದೋದು ಆಗಲೇ ಹರಡಿ ಮುಗಿಸಿದ ಕೋಶಗಳಲ್ಲಿ! ಇನ್ನೊಂದು ತೊಡಕು: ಹೆಚ್ಚಿನ ರೋಗಿಗಳ ಕ್ಯಾನ್ಸರ್ ಗಂಡಸಿನ ಹಾರ್ಮೋನ್ ನಂಬಿಕೊಂಡು ಬೆಳೆಯುತ್ತೆ. 1941ರಲ್ಲಿ ಚಾರ್ಲ್ಸ್ ಹಗಿನ್ಸ್ ತೋರಿಸಿಕೊಟ್ಟ ವಿಷಯ ಇದು, 1966ರಲ್ಲಿ ನೊಬೆಲ್ ಕೂಡ ಬಂತು. ಪಿಸಿ-3ಗೆ ಆ ಹಾರ್ಮೋನಿನ ಹಂಗೇ ಇಲ್ಲ. ಎಲ್‌ಎನ್‌ಕ್ಯಾಪ್‌ಗೆ ಇದೆ. ಆದರೆ ಅದು ಬೆಳೆಯೋದು ನಿಧಾನ, ಜೋರಾಗಿ ತೊಳೆದರೆ ಪ್ಲೇಟ್ ಬಿಟ್ಟು ಬರುತ್ತೆ, ಚಲಿಸೋದಂತೂ ಬಲು ಕಡಿಮೆ. ನಾನು ಪಿಸಿ-3ನ್ನು ಮುಖ್ಯವಾಗಿ ಇಟ್ಟುಕೊಂಡು, ಎಲ್‌ಎನ್‌ಕ್ಯಾಪ್‌ ಅನ್ನು ಹೋಲಿಕೆಗೆ ಇಟ್ಟುಕೊಂಡೆ.

ಕೋಶ ಚಲಿಸುತ್ತಾ ಅಂತ ನೋಡಲು ಎಲ್ಲರೂ ಮೊದಲು ಮಾಡೋದು ಗೀರು ಪರೀಕ್ಷೆ. ಪ್ಲೇಟ್ ತುಂಬ ಬೆಳೆದ ಕೋಶಗಳ ನಡುವೆ ಪಿಪೆಟ್ ತುದಿಯಿಂದ ಒಂದು ಗೆರೆ ಎಳೆಯೋದು, ಮರುದಿನ ಎಷ್ಟು ಮುಚ್ಚಿತು ಅಂತ ಅಳೆಯೋದು. ಅಗ್ಗ, ಫೋಟೋನೂ ಚೆನ್ನಾಗಿ ಬರುತ್ತೆ. ಆದರೆ ಗೆರೆ ಮುಚ್ಚಿದ್ದು ಕೋಶಗಳು ನಡೆದು ಬಂದದ್ದಕ್ಕೋ, ಅಲ್ಲೇ ಒಡೆದು ಎರಡಾದದ್ದಕ್ಕೋ? ಮೈಟೊಮೈಸಿನ್ ಹಾಕಿ ಕೋಶ ವಿಭಜನೆ ನಿಲ್ಲಿಸದೆ ಈ ಪರೀಕ್ಷೆ ಮಾಡಿದ ಲೇಖನ ಕಂಡರೆ ನಾನು ಮುಂದಿನ ಪುಟಕ್ಕೆ ಹೋಗಲ್ಲ. ನಿಲ್ಲಿಸಿ ಮಾಡಿದರೂ ಯಾವ ಕಡೆ ಹೊರಟವು ಅಂತ ಇದು ಹೇಳಲ್ಲ. ನನಗೆ ಬೇಕಿದ್ದದ್ದೇ ಅದು.

ಅದಕ್ಕೆ ಬಾಯ್ಡನ್ ಚೇಂಬರ್. 1962ರಲ್ಲಿ ಸ್ಟೀಫನ್ ಬಾಯ್ಡನ್ ಬಿಳಿ ರಕ್ತಕಣಗಳಿಗಾಗಿ ಮಾಡಿದ ಉಪಾಯ. ಎರಡು ಕೋಣೆ, ನಡುವೆ 8 ಮೈಕ್ರಾನ್ ತೂತುಗಳ ತೆಳು ಪೊರೆ. ಮೇಲೆ ಕೋಶ, ಕೆಳಗೆ ಆಸೆ ತೋರಿಸುವ ವಸ್ತು. ಪಿಸಿ-3 ಕೋಶ ಆ ತೂತಿಗಿಂತ ದಪ್ಪ. ದಾಟಬೇಕಾದರೆ ಮೈ ಹಿಂಡಿಕೊಂಡೇ ನುಸುಳಬೇಕು, ತಾನಾಗಿ ಉದುರಲ್ಲ. ಕೆಳಗೆ ನಾನು ಹಾಕಿದ್ದು ಸಿಎಕ್ಸ್‌ಸಿಎಲ್12 ಅನ್ನುವ ಪ್ರೋಟೀನ್. ಎಲುಬಿನ ಮಜ್ಜೆಯ ಕೋಶಗಳು, ಎಲುಬು ಕಟ್ಟುವ ಕೋಶಗಳು ಇದನ್ನು ಸುರಿಸುತ್ತವೆ. ಪಿಸಿ-3 ಮೈಮೇಲೆ ಇದನ್ನು ಹಿಡಿಯುವ ಸಿಎಕ್ಸ್‌ಸಿಆರ್4 ಅನ್ನುವ ಗ್ರಾಹಕ ಇದೆ. ಮಿಷಿಗನ್ ವಿಶ್ವವಿದ್ಯಾಲಯದ ರಸೆಲ್ ಟೈಕ್‌ಮನ್ ತಂಡ 2002ರಲ್ಲೇ ಈ ಜೋಡಿಯನ್ನು ಪ್ರಾಸ್ಟೇಟ್ ಕ್ಯಾನ್ಸರ್‌ಗೆ ಕಟ್ಟಿ ತೋರಿಸಿತ್ತು. ಹೊಸದೇನೂ ಅಲ್ಲ, ನಮ್ಮ ಕೈಯಲ್ಲಿ ಆಗುತ್ತಾ ಅನ್ನೋದೇ ಮೊದಲ ಪ್ರಶ್ನೆಯಾಗಿತ್ತು.

ಹಿಂದಿನ ರಾತ್ರಿ ಕೋಶಗಳನ್ನು ಸೀರಂ (ಕರುವಿನ ರಕ್ತದಿಂದ ತೆಗೆದ ಪೋಷಕ ದ್ರವ) ಇಲ್ಲದ ಮೀಡಿಯಂನಲ್ಲಿ ಉಪವಾಸ ಕೆಡವುತ್ತೇನೆ. ಬೆಳಿಗ್ಗೆ ಎಣಿಸಿ ಮೇಲಿನ ಕೋಣೆಗೆ ಹಾಕೋದು. ಕೆಳಗಿನ ಮೀಡಿಯಂ ಮೇಲೆ ಚೇಂಬರ್ ಇಳಿಸುವಾಗ ಅಡಿಯಲ್ಲಿ ಒಂದು ಗುಳ್ಳೆ ಸಿಕ್ಕಿಕೊಂಡರೂ ಅಷ್ಟು ಜಾಗ ಒಣಗುತ್ತೆ, ಓರೆಯಾಗಿ ಇಳಿಸಬೇಕು. ಮಾರನೇ ದಿನ ತೆಗೆದು, ಮೇಲ್ಗಡೆ ಉಳಿದ ಕೋಶಗಳನ್ನು ಹತ್ತಿಕಡ್ಡಿಯಿಂದ ಒರೆಸೋದು. ಇಡೀ ಪರೀಕ್ಷೆಯ ನಸೀಬು ಈ ಹತ್ತಿಕಡ್ಡಿಯಲ್ಲಿದೆ. ಮೆಲ್ಲಗೆ ಒರೆಸಿದರೆ ದಾಟದ ಕೋಶಗಳೂ ದಾಟಿದ ಲೆಕ್ಕಕ್ಕೆ ಬರುತ್ತವೆ, ಒತ್ತಿ ಒರೆಸಿದರೆ ಪೊರೆ ಜೋಲುತ್ತೆ. ಒದ್ದೆ ಕಡ್ಡಿಯಿಂದ ಒಮ್ಮೆ, ಒಣ ಕಡ್ಡಿಯಿಂದ ಒಮ್ಮೆ, ಅಂಚನ್ನು ಮರೆಯದೆ. ಆಮೇಲೆ ಕ್ರಿಸ್ಟಲ್ ವಯೊಲೆಟ್ ಬಣ್ಣ. ಪೊರೆಯ ತೂತುಗಳೂ ದುಂಡಗೆ, ಚಿಕ್ಕದಾಗಿ ಕಾಣುತ್ತವೆ. ಹೊಸ ವಿದ್ಯಾರ್ಥಿಗಳು ಅವನ್ನೇ ಕೋಶ ಅಂತ ಎಣಿಸಿಬಿಡುತ್ತಾರೆ. ಎಣಿಸುವವರಿಗೆ ಯಾವ ಪೊರೆ ಯಾವುದು ಅಂತ ನಾನು ಹೇಳಲ್ಲ.

ಕೆಳಗೆ ಸಿಎಕ್ಸ್‌ಸಿಎಲ್12 ಇದ್ದಾಗ ಜಾಸ್ತಿ ಕೋಶಗಳು ದಾಟಿದವು. ಖುಷಿಪಡುವ ಮೊದಲು ಒಂದು ಕೆಲಸ ಬಾಕಿ ಇತ್ತು. ಆ ಪ್ರೋಟೀನ್ ಕೋಶಗಳಿಗೆ ದಿಕ್ಕು ತೋರಿಸಿತಾ, ಇಲ್ಲಾ ಬರೀ ಚಡಪಡಿಕೆ ಹುಟ್ಟಿಸಿತಾ? ಚಡಪಡಿಸುವ ಕೋಶ ಎಲ್ಲ ಕಡೆ ನುಗ್ಗುತ್ತೆ, ಕೆಳಗೂ ಬೀಳುತ್ತೆ. 1973ರಲ್ಲಿ ಜಿಗ್ಮಂಡ್ ಮತ್ತು ಹರ್ಷ್ ಕೊಟ್ಟ ಉಪಾಯ ಸರಳ: ಅದೇ ಪ್ರೋಟೀನನ್ನು ಮೇಲೂ ಅಷ್ಟೇ ಹಾಕಿ. ಎರಡೂ ಕಡೆ ಸಮ ಇದ್ದರೆ ದಿಕ್ಕು ಅನ್ನೋದೇ ಇರಲ್ಲ. ಹಾಗೆ ಮಾಡಿದಾಗ ದಾಟಿದವುಗಳ ಸಂಖ್ಯೆ ಇಳಿಯಿತು, ಆದರೆ ಪೂರ್ತಿ ತಳಕ್ಕೆ ಹೋಗಲಿಲ್ಲ. ಅಂದ್ರೆ ಎರಡೂ ಇವೆ. ಕರೆ ಇದೆ, ಜೊತೆಗೆ ಚಡಪಡಿಕೆಯೂ ಇದೆ. ಎಎಂಡಿ3100 ಅನ್ನುವ ಔಷಧಿ ಹಾಕಿ ಸಿಎಕ್ಸ್‌ಸಿಆರ್4 ಬಾಯಿ ಮುಚ್ಚಿಸಿದಾಗ ಕರೆಯ ಭಾಗ ಕುಸಿಯಿತು. ಎಲ್‌ಎನ್‌ಕ್ಯಾಪ್ ಯಾವುದಕ್ಕೂ ಜಗ್ಗಲಿಲ್ಲ.

ಬರೀ ತೂತು ದಾಟಿದರೆ ಆಗಲಿಲ್ಲ, ದೇಹದಲ್ಲಿ ದಾರಿ ಕೊರೆಯಬೇಕು. ಅದನ್ನು ಮಾಡೋದು ಎಂಎಂಪಿ-2, ಎಂಎಂಪಿ-9ರಂಥ ಕಿಣ್ವಗಳು. ಕೋಶಗಳು ಬೆಳೆದ ಮೀಡಿಯಂ ಅನ್ನು ಜೆಲಾಟಿನ್ ಬೆರೆಸಿದ ಜೆಲ್‌ನಲ್ಲಿ ಓಡಿಸಿ ನೀಲಿ ಬಣ್ಣ ಹಾಕಿದರೆ, ಕಿಣ್ವ ತಿಂದ ಜಾಗ ಬಿಳಿ ಪಟ್ಟಿಯಾಗಿ ಕಾಣುತ್ತೆ. ಎರಡೇ ಮಾತು ಹೇಳ್ತೀನಿ. ಸೀರಂ ಇರುವ ಮೀಡಿಯಂ ಓಡಿಸಬೇಡಿ, ಸೀರಂನಲ್ಲೇ ಈ ಕಿಣ್ವಗಳಿವೆ, ಪಟ್ಟಿ ಕರುವಿನದೋ ಕ್ಯಾನ್ಸರ್‌ದೋ ಗೊತ್ತಾಗಲ್ಲ. ಮತ್ತೆ, ಈ ಜೆಲ್‌ನಲ್ಲಿ ಇನ್ನೂ ಚುರುಕಾಗದ ಕಿಣ್ವವೂ ಪಟ್ಟಿ ಕೊಡುತ್ತೆ. 92 ಕಿಲೋಡಾಲ್ಟನ್ (ಚುರುಕಾಗದ ಎಂಎಂಪಿ-9ರ ತೂಕ) ಹತ್ತಿರ ಬಿಳಿ ಕಂಡ ಕೂಡಲೇ ಕ್ಯಾನ್ಸರ್ ಕೊರೀತಿದೆ ಅಂತ ಬರೆಯೋದು ಅವಸರ.

ಮಳೆಗಾಲದ ಬಗ್ಗೆ ಹೇಳದಿದ್ದರೆ ಬೆಳಗಾವಿಯಲ್ಲಿ ಕೋಶ ಬೆಳೆಸಿದ ಲೆಕ್ಕ ಪೂರ್ತಿಯಾಗಲ್ಲ. ಜುಲೈ ಹೊತ್ತಿಗೆ ಗೋಡೆಗಳೇ ಹಸಿ. ಇನ್‌ಕ್ಯುಬೇಟರ್ ಬಾಗಿಲು ತೆಗೆದಾಗಲೆಲ್ಲ ಬೂಷ್ಟಿನ ಬೀಜಕಣ ಒಳಗೆ. ನೀರಿನ ತಟ್ಟೆಗೆ ಮೈಲುತುತ್ತು ಹಾಕುತ್ತೇವೆ, ದ್ರಾಕ್ಷಿ ತೋಟದವರು ಹೊಡೆಯುವ ಅದೇ ನೀಲಿ ಪುಡಿ. ಆದರೂ ಮುಖ್ಯ ಪ್ರಯೋಗಗಳನ್ನು ದೀಪಾವಳಿ ಕಳೆದ ಮೇಲೆ ಇಟ್ಟುಕೊಳ್ಳೋದು ಲೇಸು.

ಎಎಂಡಿ3100 ಅಂದೆನಲ್ಲ, ಅದಕ್ಕೆ ಆಸ್ಪತ್ರೆಯಲ್ಲಿ ಪ್ಲೆರಿಕ್ಸಾಫರ್ ಅಂತ ಹೆಸರು. ಮೊದಲು ಎಚ್‌ಐವಿಗೆ ಅಂತ ಹುಡುಕಿದ್ದು. ಈಗ ಮಜ್ಜೆಯ ಕಾಂಡಕೋಶಗಳನ್ನು (ರಕ್ತಕಣಗಳು ಹುಟ್ಟುವ ಮೂಲ ಕೋಶಗಳು) ರಕ್ತಕ್ಕೆ ಎಬ್ಬಿಸಲು ಕೊಡುತ್ತಾರೆ, ಅಮೆರಿಕದಲ್ಲಿ 2008ರಲ್ಲಿ ಒಪ್ಪಿಗೆ ಸಿಕ್ಕಿತು. ಮಜ್ಜೆ ತನ್ನ ಕಾಂಡಕೋಶಗಳನ್ನು ಹಿಡಿದಿಡೋದೂ ಇದೇ ಸಿಎಕ್ಸ್‌ಸಿಎಲ್12ರಿಂದ. ಮಿಷಿಗನ್ ತಂಡ 2011ರಲ್ಲಿ ಇಲಿಗಳಲ್ಲಿ ತೋರಿಸಿದ್ದು ಇದಕ್ಕೇ ಹೊಂದುತ್ತೆ: ಪ್ರಾಸ್ಟೇಟ್ ಕ್ಯಾನ್ಸರ್ ಕೋಶಗಳು ಕಾಂಡಕೋಶಗಳ ಗೂಡಿಗೇ ನುಗ್ಗಿ ಅವುಗಳ ಜಾಗ ಹಿಡಿಯುತ್ತವೆ. ಹಾಗಾದರೆ ಇದೇ ಔಷಧಿ ಕೊಟ್ಟು ಹರಡೋದನ್ನ ತಡೆಯಬಹುದಲ್ವಾ ಅಂತ ಕೇಳುತ್ತಾರೆ. ನನಗೆ ಅಷ್ಟು ಧೈರ್ಯ ಇಲ್ಲ. ಎಲುಬಿನಲ್ಲಿ ತೆಪ್ಪಗೆ ಕೂತ ಕ್ಯಾನ್ಸರ್ ಕೋಶಗಳನ್ನು ಎಬ್ಬಿಸಿ ರಕ್ತಕ್ಕೆ ಬಿಟ್ಟರೆ ಅವು ಮುಂದೆ ಎಲ್ಲಿ ಹೋಗಿ ಕೂರುತ್ತವೆ ಅನ್ನೋದನ್ನ ನನ್ನ ಎರಡು ಕೋಣೆಯ ಡಬ್ಬಿ ಹೇಳಲಾರದು.

ಪಿಸಿ-3 ಮೇಲೆ ಇನ್ನೊಂದು ಅನುಮಾನವೂ ಇದೆ. ರೋಗಿಗಳಲ್ಲಿ ಈ ಕ್ಯಾನ್ಸರ್ ಎಲುಬಿಗೆ ಹೋದಾಗ ಸಾಮಾನ್ಯವಾಗಿ ಅಲ್ಲಿ ಹೊಸ ಎಲುಬು ಅಡ್ಡಾದಿಡ್ಡಿ ಬೆಳೆಯುತ್ತೆ, ಎಕ್ಸ್‌ರೇಯಲ್ಲಿ ಬಿಳಿ ಮಚ್ಚೆ. ಪಿಸಿ-3ನ್ನು ಇಲಿಯ ಎಲುಬಿಗೆ ಬಿಟ್ಟರೆ ಅದು ಎಲುಬನ್ನು ತಿಂದು ಟೊಳ್ಳು ಮಾಡುತ್ತೆ. ಕರೆ ಕೇಳಿಸಿಕೊಳ್ಳೋದರಲ್ಲಿ ಇದು ರೋಗಿಯ ಕೋಶದಂತೆ, ಸೇರಿದ ಮೇಲಿನ ನಡತೆಯಲ್ಲಿ ಅಲ್ಲ. ಹಾಗಾಗಿ ಈಗ ಕೆಳಗಿನ ಕೋಣೆಯಲ್ಲಿ ಬರೀ ಪ್ರೋಟೀನ್ ಹಾಕೋದು ಬಿಟ್ಟು, ಎಲುಬು ಕಟ್ಟುವ ಕೋಶಗಳನ್ನೇ ಬೆಳೆಸಿ ಇಡುತ್ತಿದ್ದೇನೆ. ಅವು ಸುರಿಸೋದು ಒಂದೇ ವಸ್ತು ಅಲ್ಲವಲ್ಲ. ಸಿಎಕ್ಸ್‌ಸಿಆರ್4 ಮುಚ್ಚಿದ ಮೇಲೂ ಪಿಸಿ-3 ಕೆಳಗೆ ಇಳಿದರೆ, ಕರೆಯುತ್ತಿರುವ ಇನ್ನೊಂದು ಯಾವುದು ಅಂತ ಹುಡುಕಬೇಕು.