ಪುಟ್ಟ ಬ್ರೂವರಿಗೆ ಕಡಿಮೆ ಖರ್ಚಿನ ಫರ್ಮೆಂಟರ್ ಹೊಂದಿಸುವುದು ಹೇಗೆ?

ಸಣ್ಣದಾಗಿ ಬಿಯರ್ ತಯಾರಿಸಲು ಹೊರಟವರ ಕಣ್ಣು ಮೊದಲು ಬೀಳುವುದು ಥಳಥಳ ಹೊಳೆಯುವ, ಎರಡು ಪದರದ ಸ್ಟೀಲ್ ಫರ್ಮೆಂಟರ್‌ಗಳ, ಅಂದರೆ ಬಿಯರ್ ಹುದುಗಿಸುವ ಟ್ಯಾಂಕ್‌ಗಳ ಮೇಲೆ. ಬೆಲೆ ಕೇಳಿದರೆ ಎದೆ ಧಸಕ್ ಎನ್ನುತ್ತದೆ. ಯೀಸ್ಟ್‌ಗೆ ಆ ಹೊಳಪು ಬೇಕಿಲ್ಲ. ಪಾತ್ರೆ ಚೊಕ್ಕಟವಾಗಿರಬೇಕು, ಉಷ್ಣತೆ ಹದವಾಗಿರಬೇಕು, ಅಷ್ಟೇ. ಇರುವ ದುಡ್ಡನ್ನು ಈ ಎರಡಕ್ಕೇ ಸುರಿಯಿರಿ.

ಮೊದಲು ಅಳತೆ. ಒಂದು ಸಲಕ್ಕೆ ಎಷ್ಟು ಬಿಯರ್ ಮಾಡುತ್ತೀರೋ ಅದಕ್ಕಿಂತ ಕಾಲು ಭಾಗ ದೊಡ್ಡ ಪಾತ್ರೆ ತೆಗೆದುಕೊಳ್ಳಿ. 40 ಲೀಟರ್ ಬಿಯರ್‌ಗೆ 50 ಲೀಟರ್ ಪಾತ್ರೆ. ಹುದುಗು ಜೋರಾದಾಗ ನೊರೆ ಉಕ್ಕಿ ಮೇಲೇರುತ್ತದೆ, ಅದಕ್ಕೆ ಜಾಗ ಬೇಕಲ್ವಾ?

ಆಮೇಲೆ ಪಾತ್ರೆಯ ಆಯ್ಕೆ. ಎಲ್ಲಕ್ಕಿಂತ ಅಗ್ಗ, ಆಹಾರಕ್ಕೆಂದೇ ಮಾಡಿದ ಎಚ್‌ಡಿಪಿಇ ಪ್ಲಾಸ್ಟಿಕ್ ಟ್ಯಾಂಕ್. ತಳ ಶಂಕುವಿನಂತೆ ಚೂಪಾಗಿದ್ದರೆ ಇನ್ನೂ ಒಳ್ಳೆಯದು, ಯೀಸ್ಟ್ ಗಸಿ ಕೆಳಗೆ ಇಳಿದು ನಿಲ್ಲುತ್ತದೆ, ವಾಲ್ವ್ ತಿರುಗಿಸಿ ಹೊರಗೆ ಬಿಡಬಹುದು. ಆದರೆ ಒರಟು ನಾರಿನಿಂದ ಇದನ್ನು ಉಜ್ಜಲೇಬೇಡಿ. ಒಂದು ಗೀರು ಬಿದ್ದರೆ ಸಾಕು, ಬ್ಯಾಕ್ಟೀರಿಯಾ ಅದರೊಳಗೆ ಮನೆ ಮಾಡುತ್ತದೆ. ಪ್ಲಾಸ್ಟಿಕ್ ಮೂಲಕ ಆಮ್ಲಜನಕವೂ ಸ್ವಲ್ಪ ಸ್ವಲ್ಪ ಒಳಗೆ ನುಸುಳುತ್ತದೆ. ಹುದುಗು ಮುಗಿದ ಮೇಲೆ ಬಿಯರನ್ನು ಅದರಲ್ಲೇ ವಾರಗಟ್ಟಲೆ ಇಡಬೇಡಿ.

ಇನ್ನೊಂದು ದಾರಿ, ಹಳೆಯ 50 ಲೀಟರ್ ಸ್ಟೀಲ್ ಕೆಗ್, ಅಂದರೆ ಬಿಯರ್ ತುಂಬಿಡುವ ಪೀಪಾಯಿ. ಗಟ್ಟಿಮುಟ್ಟು, ಒತ್ತಡವನ್ನೂ ತಡೆಯುತ್ತದೆ. ಒಳಗಿನ ಒತ್ತಡವನ್ನು ಪೂರ್ತಿ ಬಿಟ್ಟ ಮೇಲಷ್ಟೇ ಅದರ ಬಾಯಿ ಬಿಚ್ಚಿ. ಬಾಯಿ ಕಿರಿದು, ಕೈ ಹೋಗುವುದಿಲ್ಲ, ಬಿಸಿ ಕ್ಷಾರದ ದ್ರಾವಣದಲ್ಲಿ ನೆನೆಹಾಕಿಯೇ ತೊಳೆಯಬೇಕು. ಹಾಲು ತಂಪು ಮಾಡುವ ಹಳೆಯ ಡೇರಿ ಟ್ಯಾಂಕ್ ಸಿಕ್ಕರೆ ಅದನ್ನೂ ನೋಡಬಹುದು, ಆದರೆ ಅದು ಒತ್ತಡಕ್ಕೆ ಮಾಡಿದ್ದಲ್ಲ. ಯಾವುದೇ ಹಳೆಯ ಸ್ಟೀಲ್ ಪಾತ್ರೆ ಕೊಳ್ಳುವ ಮುಂಚೆ ಒಳಗೆ ಟಾರ್ಚ್ ಬಿಟ್ಟು ನೋಡಿ. ಕೈಗೆಟುಕುವ ಬೆಸುಗೆಯ ಮೇಲೆ ಬೆರಳಾಡಿಸಿ. ತರಿತರಿಯಾಗಿದ್ದರೆ, ಸಣ್ಣ ಸಣ್ಣ ಗುಂಡಿ ಸಿಕ್ಕರೆ, ಎಷ್ಟೇ ಅಗ್ಗವಾದರೂ ಬಿಟ್ಟುಬಿಡಿ.

ಈಗ ವಾಲ್ವ್. ಇಲ್ಲಿ ಚೌಕಾಸಿ ಮಾಡುವವರೇ ಜಾಸ್ತಿ, ಕೈ ಸುಟ್ಟುಕೊಳ್ಳುವವರೂ ಅವರೇ. ಒಳಗೆ ತೂತಿನ ಗುಂಡು ತಿರುಗುವ ಸಾಮಾನ್ಯ ಬಾಲ್ ವಾಲ್ವ್ ಹೊರಗಿನಿಂದ ಚೆನ್ನಾಗಿಯೇ ಕಾಣುತ್ತದೆ. ಕೆಲವು ಬ್ಯಾಚ್ ಆದ ಮೇಲೆ ಬಿಚ್ಚಿ ನೋಡಿ: ಗುಂಡಿನ ಹಿಂದೆ, ನೀರು ತಲುಪದ ಸಂದಿಯಲ್ಲಿ, ಕಂದು ಬಣ್ಣದ ಲೋಳೆ ಅಂಟಿಕೊಂಡಿರುತ್ತದೆ, ಮೂಗಿಗೆ ಹುಳಿ ವಾಸನೆ ಬಡಿಯುತ್ತದೆ. ಮುಂದಿನ ಬಿಯರೆಲ್ಲ ಅದನ್ನು ಸವರಿಕೊಂಡೇ ಹೊರಬರಬೇಕು! ಟ್ರೈ-ಕ್ಲ್ಯಾಂಪ್ ಜೋಡಣೆಯ (ಹೊರಗಿನಿಂದ ಪಟ್ಟಿ ಬಿಗಿದು ಕೂಡಿಸುವ) ಬಟರ್‌ಫ್ಲೈ ವಾಲ್ವ್ ಹಾಕಿ, ಇದರಲ್ಲಿ ಗುಂಡಿನ ಬದಲು ಚಪ್ಪಟೆ ಬಿಲ್ಲೆ ತಿರುಗುತ್ತದೆ. ಕ್ಲ್ಯಾಂಪ್ ಸಡಿಲಿಸಿದರೆ ಕೈಗೆ ಬರುತ್ತದೆ, ಪ್ರತಿ ಸಲ ತೊಳೆಯಬಹುದು.

ಗಾಳಿ ಹೋಗುವ ದಾರಿಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 5 ಶೇಕಡಾ ಆಲ್ಕೋಹಾಲ್‌ನ ಒಂದು ಲೀಟರ್ ಬಿಯರ್ ಹುದುಗುವಾಗ ಸುಮಾರು 20 ಲೀಟರ್ ಕಾರ್ಬನ್ ಡೈಆಕ್ಸೈಡ್ ಹೊರಬರುತ್ತದೆ. ಪೂರ್ತಿ ಮುಚ್ಚಿದರೆ ಪಾತ್ರೆ ಸಿಡಿಯಬಹುದು. ದಪ್ಪ ಕೊಳವೆಯ ಒಂದು ತುದಿ ಮುಚ್ಚಳದಲ್ಲಿ, ಇನ್ನೊಂದು ತುದಿ ಸ್ಯಾನಿಟೈಸರ್ ತುಂಬಿದ ಬಕೆಟ್‌ನಲ್ಲಿ ಮುಳುಗಿರಲಿ. ನೊರೆ ಉಕ್ಕಿದರೂ ದಪ್ಪ ಕೊಳವೆ ಬೇಗ ಕಟ್ಟಿಕೊಳ್ಳುವುದಿಲ್ಲ. ಈ ಅನಿಲ ಗಾಳಿಗಿಂತ ಭಾರ, ಮುಚ್ಚಿದ ಕೋಣೆಯಲ್ಲಿ ನೆಲದ ಮಟ್ಟದಲ್ಲಿ ತುಂಬಿಕೊಂಡು ಉಸಿರು ಕಟ್ಟಿಸಬಲ್ಲದು. ಕೆಳಗೆ ಗಾಳಿಕಿಂಡಿ ಇರಲಿ, ಈ ಅನಿಲವನ್ನು ಅಳೆದು ಎಚ್ಚರಿಸುವ ಅಲಾರಂ ಒಂದು ಇರಲಿ. ಖಾಲಿ ಟ್ಯಾಂಕ್‌ನೊಳಗೆ ತಲೆ ಹಾಕುವ ಸಾಹಸ ಯಾರೂ ಮಾಡಬಾರದು.

ಇನ್ನು ತಂಪು. ಉಳಿಸಿದ ದುಡ್ಡು ಇಲ್ಲಿಗೆ ಬರಲಿ. ಬೆಚ್ಚಗೆ ಹುದುಗುವ ಬಿಯರ್ ಏಲ್, ಅದರ ಯೀಸ್ಟ್‌ಗಳಿಗೆ ಸಾಮಾನ್ಯವಾಗಿ 18ರಿಂದ 22 ಡಿಗ್ರಿ, ತಂಪಿನಲ್ಲಿ ಹುದುಗುವ ಲಾಗರ್‌ಗೆ 8ರಿಂದ 13 ಡಿಗ್ರಿ ಸೆಲ್ಸಿಯಸ್ ಬೇಕು. ಯೀಸ್ಟ್ ಕೆಲಸ ಮಾಡುವಾಗ ತಾನೇ ಬಿಸಿ ಹುಟ್ಟಿಸುತ್ತದೆ, ಹಾಗಾಗಿ ಟ್ಯಾಂಕ್‌ನ ಒಳಗು ಕೋಣೆಗಿಂತ ಕೆಲವು ಡಿಗ್ರಿ ಜಾಸ್ತಿಯೇ ಇರುತ್ತದೆ. ಕೈ ಮೀರಿದರೆ ಬಿಯರ್‌ಗೆ ಥಿನ್ನರ್‌ನಂಥ ಘಾಟು ಬರುತ್ತದೆ, ಅದನ್ನು ಆಮೇಲೆ ತೆಗೆಯಲಾಗದು. ಪ್ರತಿ ಟ್ಯಾಂಕ್‌ಗೂ ಗ್ಲೈಕಾಲ್ ಜಾಕೆಟ್ (ತಂಪು ದ್ರವ ಹರಿಯುವ ಹೊರಪದರ) ಹಾಕಿಸುವ ಬದಲು ಶಾಖ ತಡೆಯುವ ಹಲಗೆಗಳಿಂದ ಒಂದು ಚಿಕ್ಕ ಕೋಣೆ ಕಟ್ಟಿ, ಒಂದೇ ಪದರದ ಟ್ಯಾಂಕ್‌ಗಳನ್ನು ಅದರೊಳಗೆ ಸಾಲಾಗಿ ನಿಲ್ಲಿಸಿ. ಏಲ್ ಆದರೆ ಸಾಧಾರಣ ಎಸಿ ಸಾಕು. ಒಂದೊಂದು ಟ್ಯಾಂಕ್‌ಗೆ ಒಂದೊಂದು ಉಷ್ಣತೆ ಸಿಗುವುದಿಲ್ಲ ಎಂಬುದೊಂದೇ ಕೊರತೆ. ಕಂಟ್ರೋಲರ್‌ನ ಸೆನ್ಸರನ್ನು ಸುಮ್ನೆ ಗೋಡೆಗೆ ನೇತುಹಾಕಬೇಡಿ. ಟ್ಯಾಂಕ್‌ನ ಮೈಗೆ ಅಂಟಿಸಿ, ಮೇಲೆ ದಪ್ಪ ಫೋಮ್ ಕಟ್ಟಿ. ಬಿಯರ್‌ನ ನಿಜವಾದ ಬಿಸಿ ಆಗ ತಿಳಿಯುತ್ತದೆ.

ತೊಳೆಯುವಾಗ ಎರಡು ಮಾತು ನೆನಪಿಡಿ. ಸ್ಟೀಲ್‌ಗೆ ಬ್ಲೀಚ್ ಬೇಡ, ಕ್ಲೋರಿನ್ ಅದನ್ನು ತಿಂದು ಗುಂಡಿ ಮಾಡುತ್ತದೆ. ಅಲ್ಯೂಮಿನಿಯಂಗೆ ಕಾಸ್ಟಿಕ್ ಸೋಡಾ ತಾಗಿಸಲೇಬೇಡಿ.

ಎಲ್ಲ ಜೋಡಿಸಿ ಆಯಿತೆಂದು ಅವತ್ತೇ ವರ್ಟ್ (ಹುದುಗಿಸುವ ಮುಂಚಿನ ಸಿಹಿ ಮಾಲ್ಟ್ ರಸ) ಸುರಿಯಬೇಡಿ. ಟ್ಯಾಂಕ್ ತುಂಬ ನೀರು ಹಾಕಿ, ಎಸಿ ಹಚ್ಚಿ, ಒಂದು ರಾತ್ರಿ ಬಿಡಿ. ಬೆಳಿಗ್ಗೆ ಪ್ರತಿ ಕ್ಲ್ಯಾಂಪ್ ಕೆಳಗೂ ಒಣ ಕಾಗದ ಸವರಿ ನೋಡಿ. ಕಾಗದ ಒದ್ದೆಯಾದ ಕಡೆ ಗ್ಯಾಸ್ಕೆಟ್ (ಸೋರದಂತೆ ತಡೆಯುವ ಉಂಗುರ) ಬದಲಿಸಿ, ಮತ್ತೆ ನೀರು ತುಂಬಿ.