ಒಂದೇ ವೈರು, ಎರಡು ಕಂಪ್ಯೂಟರ್: ಸ್ವಿಚ್ ಸಾಕೋ, ರೌಟರೇ ಬೇಕೋ?

ಮನೆಗೆ ಬರುವ ನೆಟ್ ವೈರು ಒಂದೇ, ಕಂಪ್ಯೂಟರ್ ಎರಡು. ರೌಟರ್ ಎಂದರೆ ತಾನೇ ಲಾಗಿನ್ ಆಗಿ ಒಂದು ಕನೆಕ್ಷನ್ ಅನ್ನು ಹಲವು ಕಂಪ್ಯೂಟರಿಗೆ ಹಂಚುವ ಡಬ್ಬಿ; ಸ್ವಿಚ್ ಬರೀ ವೈರುಗಳನ್ನು ಒಂದಕ್ಕೊಂದು ಜೋಡಿಸುತ್ತದೆ. ಫೈಬರ್ ಡಬ್ಬಿಯೇ ರೌಟರ್ ಕೆಲಸವನ್ನೂ ಮಾಡುತ್ತಿದ್ದರೆ 5 ಪೋರ್ಟಿನ ಗಿಗಾಬಿಟ್ (1000 ಎಂಬಿಪಿಎಸ್) ಸ್ವಿಚ್ ಸಾಕು, ಸೆಟಿಂಗ್ ಏನೂ ಇಲ್ಲ. ಕಂಪ್ಯೂಟರಿನಲ್ಲೇ ಯೂಸರ್‌ನೇಮ್ ಹಾಕಿ ಕನೆಕ್ಟ್ ಮಾಡುವ ಪಿಪಿಪಿಒಇ (PPPoE) ಬಗೆಯ ಕನೆಕ್ಷನ್ ಆದರೆ ಸ್ವಿಚ್ ತಂದರೆ ದುಡ್ಡು ದಂಡ. ಸಾಮಾನ್ಯವಾಗಿ ಒಂದು ಹೊತ್ತಿಗೆ ಒಂದೇ ಲಾಗಿನ್. ಎರಡನೆಯ ಕಂಪ್ಯೂಟರಿಗೆ ಹೆಚ್ಚಾಗಿ 691 ಎರರ್ (ಲಾಗಿನ್ ಒಪ್ಪಲಿಲ್ಲ ಎಂದು) ಬರುತ್ತದೆ. ರೌಟರೇ ತನ್ನಿ. ಹೊರಗಿನ ವೈರು ರೌಟರಿನ ವ್ಯಾನ್ (WAN) ಪೋರ್ಟಿಗೆ (ಅದರ ಬಣ್ಣ ಹೆಚ್ಚಾಗಿ ಬೇರೆ ಇರುತ್ತದೆ), ಕಂಪ್ಯೂಟರುಗಳೆರಡೂ ಲ್ಯಾನ್ (LAN) ಪೋರ್ಟಿಗೆ. ಯೂಸರ್‌ನೇಮ್, ಪಾಸ್‌ವರ್ಡ್ ಈಗ ರೌಟರಿನೊಳಗೆ.

ಎಲ್ಲ ಸರಿಯಿದ್ದೂ ನೆಟ್ ಬರಲಿಲ್ಲವೇ? ಕೇಬಲಿನವರು ಹಳೆ ಕಂಪ್ಯೂಟರಿನ ಮ್ಯಾಕ್ (MAC) ವಿಳಾಸಕ್ಕೆ, ಅಂದರೆ ಅದರ ನೆಟ್‌ವರ್ಕ್ ಕಾರ್ಡಿನ ಗುರುತಿನ ಸಂಖ್ಯೆಗೆ, ಕನೆಕ್ಷನ್ ಕಟ್ಟಿರಬಹುದು. ರೌಟರಿನ ‘ಮ್ಯಾಕ್ ಕ್ಲೋನ್’ ಸೆಟಿಂಗಿನಲ್ಲಿ ಅದನ್ನೇ ಹಾಕಿ. ಪ್ಲಾನ್ ದೊಡ್ಡದಿದ್ದೂ ಸ್ಪೀಡು 100 ಎಂಬಿಪಿಎಸ್ ದಾಟದಿದ್ದರೆ ವೈರಿನ ತುದಿಯ ಪಿನ್ ನೋಡಿ: ಗಿಗಾಬಿಟ್‌ಗೆ 8 ತಂತಿಯೂ ಬೇಕು, ಕ್ರಿಂಪ್ ಮಾಡಿದವರು (ವೈರಿಗೆ ಪ್ಲಗ್ ಒತ್ತಿ ಕೂರಿಸಿದವರು) ಎಷ್ಟೋ ಸಲ 4ನ್ನೇ ಕೂರಿಸಿರುತ್ತಾರೆ.